ತಾಯಿಯ ಕಣ್ಣು ಕಂಪನಿಯ ಪಾಲಾದದ್ದು

ನಮ್ಮ ಕೆಳಗಿನ ಮನೆಯಲ್ಲಿ ತಾಯಿ ಮತ್ತು ಮಗಳು, ಇಬ್ಬರೇ. ಮಗಳನ್ನು ಮನೆಮಂದಿಯೆಲ್ಲ ಚಿಕ್ಕವಳು ಎಂದೇ ಕರೆಯುತ್ತಿದ್ದರು. ಅಕ್ಕ ಮದುವೆಯಾಗಿ ಬೇರೆ ಊರು ಸೇರಿ ಯಾವುದೋ ಕಾಲವಾಗಿತ್ತು. ಕಿವಿಯ ಪಕ್ಕ ಬಿಳಿಕೂದಲು ಇಣುಕಿದ ಮೇಲೂ ಇವಳು ಮಾತ್ರ ಚಿಕ್ಕವಳಾಗಿಯೇ ಉಳಿದಿದ್ದಳು.

ಅವಳಿಗೆ ಕೆಲಸ ಇದ್ದುದು ದೊಡ್ಡ ಕಂಪನಿಯಲ್ಲಿ. ಎಷ್ಟು ದೊಡ್ಡದೆಂದರೆ, ಬಸ್ಸಿನಲ್ಲಿ ತಲೆ ತಗ್ಗಿಸಿ ಫೋನು ಉಜ್ಜುತ್ತ ಕೂತವರಲ್ಲಿ ಮುಕ್ಕಾಲು ಪಾಲು ಜನ ಉಜ್ಜುತ್ತಿದ್ದುದು ಆ ಕಂಪನಿಯವರು ಮಾಡಿದ್ದನ್ನೇ. ಪರದೆಯ ಮೇಲೆ ಯಾವುದು ಎಲ್ಲಿರಬೇಕು, ಗುಂಡಿ ಎಷ್ಟು ದೊಡ್ಡದಿರಬೇಕು, ಒತ್ತಿದರೆ ಏನಾಗಬೇಕು ಎಂದು ಯೋಚಿಸಿ ಬಿಡಿಸುವುದು ಚಿಕ್ಕವಳ ಕೆಲಸ. ನೆಂಟರಿಗೆ ಇದು ತಲೆಗೆ ಹತ್ತುತ್ತಿರಲಿಲ್ಲ. ಸೋದರಮಾವ ಬಂದಾಗಲೆಲ್ಲ ಮರೆತುಹೋದ ಪಾಸ್‌ವರ್ಡನ್ನು ಅವಳ ಮುಂದಿಟ್ಟು, ‘ನಿಮ್ಮ ಕಂಪನಿಯದೇ ಅಲ್ವಾ, ತೆಗೆದುಕೊಡು’ ಎನ್ನುತ್ತಿದ್ದರಂತೆ. ಏನು ಕೆಲಸ ಮಾಡುತ್ತಿದ್ದೇವೆ ಎಂದು ಹೊರಗೆ ಹೇಳಬಾರದು ಎಂಬುದು ಕಂಪನಿಯ ಕಟ್ಟಪ್ಪಣೆ. ಅವಳಿಗೆ ಅದೇ ಹಿತವಾಗಿತ್ತು. ಪಕ್ಕದ ಸೀಟಿನ ಅಪರಿಚಿತರೊಬ್ಬರು ತಾನು ಬಿಡಿಸಿದ ಗುಂಡಿಯನ್ನು ತಡವರಿಸದೆ ಒತ್ತಿದರೆ ಅವಳಿಗೆ ಆ ದಿನ ಸಾರ್ಥಕ. ಒಮ್ಮೆ ನನ್ನ ಹತ್ತಿರ ಅದನ್ನು ಹೇಳಿಕೊಂಡಳು, ಕದ್ದು ತಿಂದದ್ದನ್ನು ಒಪ್ಪಿಕೊಳ್ಳುವ ಮಗುವಿನ ಹಾಗೆ.

ತಾಯಿ ಅಚ್ಚುಕೂಟದಲ್ಲಿ ಜೀವಮಾನವೆಲ್ಲ ಕರಡು ತಿದ್ದಿದವರು. ಕೆಲಸದಿಂದ ಬಿಡುಗಡೆಯಾದ ಮೇಲೂ ಅಚ್ಚುಕೂಟದ ಯಜಮಾನರು ಕರಡುಗಳನ್ನು ಮನೆಗೇ ಕಳಿಸುತ್ತಿದ್ದರು. ಕಿಟಕಿ ಪಕ್ಕದ ಮೇಜಿನ ಮೇಲೆ ಹಾಳೆ ಹರಡಿಕೊಂಡು, ಕೆಂಪು ಪೆನ್ನು ಹಿಡಿದು ಕೂತರೆ ಅವರಿಗೆ ಲೋಕವೇ ಬೇಡ. ಹಿಂದಿನ ವರ್ಷ ಒಂದು ಕಣ್ಣಿಗೆ ಪೊರೆ ಬಂದು ಆಪರೇಷನ್ ಆಗಿತ್ತು. ಪಟ್ಟಿ ಬಿಚ್ಚಿದ ವಾರದೊಳಗೆ ಔಷಧಿ ಬಾಟಲಿಯ ಮೇಲಿನ ಇರುವೆಯಂಥ ಅಕ್ಷರಗಳಲ್ಲಿ ತಪ್ಪು ಹುಡುಕಿ, ಆ ಔಷಧಿಯವರಿಗೆ ಪತ್ರ ಬರೆಯುತ್ತೇನೆಂದು ಹೊರಟಿದ್ದರು. ಅವರ ಜಂಬವೆಲ್ಲ ಇದ್ದುದು ಕಣ್ಣಿನಲ್ಲಿ.

ಆ ಕಾಲಕ್ಕೆ ಚಿಕ್ಕವಳ ತಂಡ ಒಂದು ಹೊಸ ಸಲಕರಣೆ ಮಾಡುತ್ತಿತ್ತು. ಕಣ್ಣು ಮಂಜಾದವರು ಫೋನಿನ ಕ್ಯಾಮೆರಾವನ್ನು ಯಾವುದಾದರೂ ಬರಹದ ಮುಂದೆ ಹಿಡಿದರೆ ಸಾಕು, ಫೋನು ಅದನ್ನು ಗಟ್ಟಿಯಾಗಿ ಓದಿ ಹೇಳಬೇಕು. ಮಾತ್ರೆಯ ಹೆಸರು, ಬಸ್ಸಿನ ಬೋರ್ಡು, ಬಾಗಿಲ ಮೇಲಿನ ಚೀಟಿ, ಯಾವುದಾದರೂ ಸರಿ. ಅದಕ್ಕೆ ಓದುಗ ಎಂದು ಹೆಸರಿಟ್ಟಿದ್ದರು. ಅದನ್ನು ಮೊದಲು ಯೋಚಿಸಿದವನು ತಂಡದ ಒಬ್ಬ ಎಂಜಿನಿಯರ್. ಅವನ ಕನ್ನಡಕ ಸೀಸೆಯ ತಳದಷ್ಟು ದಪ್ಪ. ಆಫೀಸಿನಲ್ಲಿ ಎಲ್ಲರೂ ಅವನನ್ನು ಚಾಳೀಸು ಎನ್ನುತ್ತಿದ್ದರು. ಅವನ ದೃಷ್ಟಿ ವರ್ಷದಿಂದ ವರ್ಷಕ್ಕೆ ಸುತ್ತಲಿಂದ ಮುಚ್ಚಿಕೊಳ್ಳುತ್ತ ಬರುತ್ತಿತ್ತು. ಇನ್ನು ಕೆಲವು ಕಾಲಕ್ಕೆ ಪೂರ್ತಿ ಹೋಗುತ್ತದೆಂದು ವೈದ್ಯರು ಹೇಳಿದ್ದರು. ಅದು ಗೊತ್ತಿದ್ದುದು ತಂಡದವರಿಗೆ ಮಾತ್ರ. ಅವನು ಅದನ್ನು ಹೇಳಿಕೊಂಡು ಅಳುವ ಪೈಕಿಯಲ್ಲ. ಎದುರು ಸಿಕ್ಕ ಕುರ್ಚಿಗೆ ಎಡವಿದರೆ ಕುರ್ಚಿಯನ್ನೇ ಬೈದು ಮುಂದೆ ಹೋಗುವ ಆಸಾಮಿ. ಓದುಗ ಏನು ಹೇಳಬೇಕು, ಹೇಗೆ ಹೇಳಬೇಕು ಎಂದು ಅವನೂ ಚಿಕ್ಕವಳೂ ದಿನಗಟ್ಟಲೆ ಜಗಳವಾಡುತ್ತಿದ್ದರು. ಆ ಜಗಳದ ಕಾಲವೇ ತನ್ನ ಕೆಲಸದ ಅತ್ಯಂತ ಸುಖದ ಕಾಲ ಎಂದು ಚಿಕ್ಕವಳು ಈಗಲೂ ಹೇಳುತ್ತಾಳೆ.

ಅಷ್ಟರಲ್ಲಿ ಕಂಪನಿಯ ಹೆಸರು ಕೆಟ್ಟಿತು. ಜನ ಎಲ್ಲೆಲ್ಲಿ ಓಡಾಡುತ್ತಾರೆ, ಯಾರ ಜೊತೆ ಮಾತಾಡುತ್ತಾರೆ ಎಂಬ ವಿವರವನ್ನೆಲ್ಲ ಕಂಪನಿ ಗುಟ್ಟಾಗಿ ಕೂಡಿಟ್ಟು ಮಾರಿಕೊಂಡಿದೆ ಎಂದು ಪತ್ರಿಕೆಗಳು ಬರೆದವು. ಬರೆದದ್ದು ನಿಜವೂ ಆಗಿತ್ತು. ಕಂಪನಿಯವರು ಆ ಕೆಲಸ ನಿಲ್ಲಿಸುವ ಬದಲು ಮುಖ ತೊಳೆದುಕೊಳ್ಳಲು ಹೊರಟರು. ಇಷ್ಟು ದಿನ ಬಾಯಿ ಹೊಲಿದುಕೊಂಡು ಒಳಗೆ ಕೂತಿದ್ದ ಎಂಜಿನಿಯರುಗಳನ್ನೂ ವಿನ್ಯಾಸಗಾರರನ್ನೂ ಹೊರಗೆ ತಂದು ತೋರಿಸಬೇಕು, ಕಂಪನಿ ಎಂದರೆ ಯಂತ್ರವಲ್ಲ, ತಾಯಿ ತಂದೆ ಇರುವ ಮನುಷ್ಯರು ಎಂದು ಜನರಿಗೆ ಅನ್ನಿಸಬೇಕು ಎಂಬುದು ಪ್ರಚಾರ ವಿಭಾಗದ ಯೋಚನೆ. ಆ ವಿಭಾಗದ ಮುಖ್ಯಸ್ಥೆ ಒಂದು ದಿನ ತಂಡದ ಕೋಣೆಗೆ ಬಂದು, ಪ್ರತಿಯೊಬ್ಬರ ಮುಖವನ್ನೂ ತರಕಾರಿ ಆರಿಸುವವರ ಹಾಗೆ ನೋಡಿಕೊಂಡು ಹೋದಳು. ಮರುದಿನ ಚಿಕ್ಕವಳಿಗೆ ಕರೆ ಬಂತು. ಜನರ ಮುಂದೆ ಓದುಗದ ಮುಖ ಅವಳೇ ಆಗಬೇಕಂತೆ.

ಚಿಕ್ಕವಳು ಅದು ತನ್ನ ಯೋಚನೆಯಲ್ಲ ಎಂದು ಚಾಳೀಸಿನ ಹೆಸರು ಹೇಳಿದಳು. ಮುಖ್ಯಸ್ಥೆ ನಕ್ಕಳು. ಅವನ ಮುಖದಲ್ಲಿ ಸಿಟ್ಟಿದೆ ಎಂದಳು. ಆಮೇಲೆ ಪಾಠ ಹೇಳಿಕೊಡುವ ಧಾಟಿಯಲ್ಲಿ ವಿವರಿಸಿದಳು.

“ಅವರು ತಮಗೋಸ್ಕರ ಮಾಡ್ಕೊಂಡಿದ್ದು ಅಂದ್ರೆ ಅದು ಬರೀ ಅಗತ್ಯ. ನೀವು ಅಮ್ಮನಿಗೋಸ್ಕರ ಮಾಡಿದ್ದು ಅಂದ್ರೆ ಅದು ಪ್ರೀತಿ. ಜನ ನೋಡೋದು ಪ್ರೀತೀನ. ನಿಮ್ಮ ಅಮ್ಮನಿಗೆ ಕಣ್ಣಿನ ಆಪರೇಷನ್ ಆಗಿದೆಯಂತಲ್ಲ?”

ಆಪರೇಷನ್‌ಗೆಂದು ಚಿಕ್ಕವಳು ಹಾಕಿದ್ದ ರಜೆಯ ಅರ್ಜಿಯನ್ನು ಯಾರೋ ಓದಿದ್ದರು. ಅದು ಹೊಳೆದ ಕ್ಷಣ ಮೈಮೇಲೆ ಹಲ್ಲಿ ಬಿದ್ದ ಹಾಗಾಯಿತಂತೆ.

ಅವಳು ನೇರ ಚಾಳೀಸಿನ ಹತ್ತಿರ ಹೋಗಿ ನಡೆದದ್ದನ್ನು ಹೇಳಿದಳು. ಅವನು ಪರದೆಗೆ ಮೂಗು ತಾಗಿಸಿಕೊಂಡೇ ಕೇಳಿಸಿಕೊಂಡ. ಲಾಭ ತರದ ಕೆಲಸಗಳನ್ನು ಕಂಪನಿ ಒಂದೊಂದಾಗಿ ಮುಚ್ಚುತ್ತಿದ್ದ ಹೊತ್ತು ಅದು. ಓದುಗದ ಸರದಿಯೂ ಹತ್ತಿರ ಬಂದಿತ್ತು.

“ನಿನ್ನ ಮುಖ ತೋರಿಸಿದ್ರೆ ಇದನ್ನ ಮುಚ್ಚಲ್ಲ ಅನ್ನೋದಾದ್ರೆ ತೋರಿಸು,” ಎಂದ. “ನನಗೆ ಚಪ್ಪಾಳೆ ಬೇಡ. ಇದು ಬದುಕಿದ್ರೆ ಸಾಕು.”

ಅವಳು ಒಪ್ಪಿದಳು.

ಪ್ರಚಾರದ ಚಿತ್ರ ತೆಗೆಯಲು ಜನ ಬಂದ ದಿನ ನನ್ನ ಮನೆಗೂ ಬಂದು, ರೇಡಿಯೋ ಹಾಕಬೇಡಿ, ಮೇಲೆ ಓಡಾಡಬೇಡಿ ಎಂದು ಕೇಳಿಕೊಂಡರು. ಓಡಾಡದೆ ಕೂರುವುದಕ್ಕಿಂತ ನೋಡುವುದೇ ವಾಸಿ ಎಂದು ನಾನು ಕೆಳಗಿಳಿದೆ. ಮನೆಯ ಗುರುತೇ ಸಿಗದ ಹಾಗೆ ಮಾಡಿದ್ದರು. ಪುಸ್ತಕದ ಕಪಾಟನ್ನು ಹಿತ್ತಲಿಗೆ ಎಳೆದು ಹಾಕಿದ್ದರು. ತಾಯಿಯ ಮೇಜು, ಕೆಂಪು ಪೆನ್ನು, ಕರಡಿನ ಕಟ್ಟು, ಎಲ್ಲವೂ ಬಚ್ಚಲುಮನೆಯೊಳಗೆ. ಕಿಟಕಿಗೆ ದಪ್ಪ ಬಟ್ಟೆ ಹೊದಿಸಿ, ಚೆಂದದ ಬೆಳಕಿದ್ದ ಕೋಣೆಯನ್ನು ಗವಿ ಮಾಡಿದ್ದರು. ತಾಯಿಗೆ ಎಲ್ಲಿಂದಲೋ ತಂದ ದಪ್ಪ ಕನ್ನಡಕ ಹಾಕಿಸಿ, ಅವರ ನೀಟಾದ ಕೂದಲನ್ನು ಬೇಕೆಂದೇ ಕೆದರಿದ್ದರು. ತಾಯಿ ಒಂದು ದಿನದ ನಾಟಕ ತಾನೆ ಎಂದು ಇದನ್ನೆಲ್ಲ ನಗುತ್ತಲೇ ಸಹಿಸಿಕೊಂಡರು. ಮಾತ್ರೆಯ ಪಟ್ಟಿಯನ್ನು ಫೋನಿಗೆ ಹಿಡಿದು ಓದಿಸಬೇಕು, ಅಷ್ಟೇ ಎಂದು ಅವರಿಗೆ ಹೇಳಲಾಗಿತ್ತು.

ಅವರು ಹೇಳಬೇಕಾದ ಮಾತನ್ನು ಒಂದು ಹಲಗೆಯ ಮೇಲೆ ಬರೆದು, ಕೋಣೆಯ ಆ ತುದಿಯಲ್ಲಿ, ಕ್ಯಾಮೆರಾದ ಹಿಂದೆ ಒಬ್ಬ ಹಿಡಿದು ನಿಂತಿದ್ದ. ‘ನನ್ನ ಮಗಳೇ ನನ್ನ ದೃಷ್ಠಿ’ ಎಂದಿತ್ತು. ಎಲ್ಲ ಸಿದ್ಧವಾಯಿತು. ನಿರ್ದೇಶಕ ಕೈಸನ್ನೆ ಮಾಡಿದ. ತಾಯಿ ಕನ್ನಡಕವನ್ನು ಹಣೆಗೇರಿಸಿ ಹಲಗೆಯ ಕಡೆ ನೋಡಿದರು.

“ದೃಷ್ಟಿಗೆ ಮಹಾಪ್ರಾಣ ಬೇಡಪ್ಪಾ. ಠ ಅಲ್ಲ, ಟ.”

ಹಲಗೆ ಹಿಡಿದವನಿಗೆ ನಗು ತಡೆಯಲಾಗದೆ ಹಲಗೆಯೇ ಅಲ್ಲಾಡಿತು. ಪ್ರಚಾರದ ಮುಖ್ಯಸ್ಥೆ ಮಾತ್ರ ನಗಲಿಲ್ಲ. ಹಲಗೆಯನ್ನು ಪಕ್ಕಕ್ಕಿಡಿಸಿ, ಮಾತನ್ನು ಬಾಯಲ್ಲೇ ಹೇಳಿಕೊಡಿ ಎಂದಳು. ಕನ್ನಡಕ ಮತ್ತೆ ಮೂಗಿನ ಮೇಲೆ ಬಂತು. ಸಂಜೆಯ ತನಕ ತಾಯಿ ಅದೇ ಮಾತನ್ನು ಹೇಳಿದರು. ಒಮ್ಮೆ ದನಿ ನಡುಗಲಿಲ್ಲವೆಂದು, ಒಮ್ಮೆ ನಡುಗಿದ್ದು ಹೆಚ್ಚಾಯಿತೆಂದು.

ಚಿತ್ರ ಹೊರಬರುವ ಮೊದಲು ಚಿಕ್ಕವಳಿಗೆ ತೋರಿಸಿದರು. ‘ಎರಡೂ ಕಣ್ಣು ಮಂಜಾದ ತಾಯಿಗಾಗಿ ಮಗಳು ಕಟ್ಟಿದ ಬೆಳಕು’ ಎಂದು ಹಿನ್ನೆಲೆಯಲ್ಲಿ ಒಬ್ಬ ಗಂಟಲು ತುಂಬಿ ಹೇಳುತ್ತಿದ್ದ. ಇದು ಸುಳ್ಳಲ್ಲವೇ ಎಂದು ಅವಳು ಕೇಳಿದಳು. ಆಪರೇಷನ್ ಆಗಿದ್ದು ನಿಜ ತಾನೇ, ಆಗ ಮಂಜಾಗಿತ್ತು ತಾನೇ ಎಂದು ಮುಖ್ಯಸ್ಥೆ ತಿರುಗಿ ಕೇಳಿದಳು. ಚಿಕ್ಕವಳು ಇನ್ನೊಂದು ಮಾತಾಡಬಹುದಿತ್ತು. ಆಡಲಿಲ್ಲ. ಮನೆಗೆ ಬಂದು ತಾಯಿಗೂ ಹೇಳಲಿಲ್ಲ.

ತಾಯಿ ಅದನ್ನು ಊರಿನವರೆಲ್ಲರ ಜೊತೆಗೇ ನೋಡಿದರು. ಟಿವಿಯಲ್ಲಿ, ನನ್ನ ಮನೆಯ ಸೋಫಾದಲ್ಲಿ ಕೂತು. ಚಿತ್ರ ಮುಗಿದ ಮೇಲೆ ಅವರು ಎದ್ದರು. ಕೆಳಗೆ ಹೋದರು. ಮಗಳು ಬಂದಾಗ ಒಂದೇ ಮಾತು ಹೇಳಿದರಂತೆ:

“ನನ್ನ ಕಣ್ಣು ಕಿತ್ತು ಮಾರಿಕೊಂಡೆಯಲ್ಲೇ.”

ಆಮೇಲಿನದು ಬರೀ ಹೇಸಿಗೆ. ಬಸ್ ನಿಲ್ದಾಣದಲ್ಲಿ ಆಳೆತ್ತರದ ಚಿತ್ರ: ಚಿಕ್ಕವಳು ತಾಯಿಯ ಹೆಗಲ ಮೇಲೆ ಕೈಯಿಟ್ಟು ದೂರದ ಬೆಳಕನ್ನು ನೋಡುತ್ತಿದ್ದಾಳೆ, ತಾಯಿ ಏನೂ ಕಾಣದವರ ಹಾಗೆ ನೆಲಕ್ಕೆ ಮುಖ ಮಾಡಿದ್ದಾರೆ. ಅಂಗಡಿಗೆ ಹೋದರೆ ಜನ ಜೊತೆಗೆ ನಿಂತು ಫೋಟೋ ತೆಗೆದುಕೊಳ್ಳುತ್ತಿದ್ದರು. ಪಾಸ್‌ವರ್ಡಿನ ಸೋದರಮಾವ ಈಗ ಪರಿಚಯದವರನ್ನೆಲ್ಲ ಕರೆತಂದು, ‘ನಾನು ಎತ್ತಿ ಆಡಿಸಿದ ಮಗು’ ಎನ್ನತೊಡಗಿದರು. ಕಂಪನಿ ಅವಳನ್ನು ವೇದಿಕೆಯಿಂದ ವೇದಿಕೆಗೆ ಸಾಗಿಸಿತು. ಕೆನ್ನೆಗೆ ಅಂಟಿಸಿದ ಮೈಕು, ತುಟಿಯ ಮೇಲೆ ಬಣ್ಣದ ಕಹಿ, ಕತ್ತಿನ ಸುತ್ತ ಬೆವರಿಗೆ ಹಿಟ್ಟಾದ ಪೌಡರು. ಎಲ್ಲಿ ನಿಲ್ಲಿಸಿ ಉಸಿರು ತೆಗೆದುಕೊಳ್ಳಬೇಕು, ಯಾವ ಮಾತಿಗೆ ಗಂಟಲು ಕಟ್ಟಬೇಕು ಎಂದು ಕಲಿಸಲು ಒಬ್ಬ ಮೇಷ್ಟ್ರನ್ನೇ ಇಟ್ಟಿದ್ದರು. ಅವಳು ಕಲಿತೂ ಬಿಟ್ಟಳು. ಅದೇ ಅವಳಿಗೆ ಎಲ್ಲಕ್ಕಿಂತ ಅಸಹ್ಯ ಹುಟ್ಟಿಸಿದ್ದು. ‘ಅಮ್ಮ’ ಎನ್ನುವ ಹೊತ್ತಿಗೆ ಸರಿಯಾಗಿ ಕಣ್ಣಲ್ಲಿ ನೀರು ತಾನಾಗಿಯೇ ಬರುತ್ತಿತ್ತಂತೆ, ನಲ್ಲಿ ತಿರುಗಿಸಿದ ಹಾಗೆ. ಇಳಿದು ಬಂದು ಬಚ್ಚಲಿನಲ್ಲಿ ಮುಖ ತಿಕ್ಕಿ ತಿಕ್ಕಿ ತೊಳೆಯುತ್ತಿದ್ದಳು.

ಅಚ್ಚುಕೂಟದಿಂದ ಕರಡುಗಳು ಬರುವುದು ನಿಂತಿತು. ತಾಯಿ ಕೆಲವು ದಿನ ಕಾದರು. ಆಮೇಲೆ ಫೋನು ಮಾಡಿದರು. ಯಜಮಾನರು ಬಹಳ ಮರ್ಯಾದೆಯಿಂದ, ಬಹಳ ನೋವಿನಿಂದ ಮಾತಾಡಿದರಂತೆ. ಇಷ್ಟು ಕಷ್ಟದಲ್ಲಿಯೂ ಇಷ್ಟು ದಿನ ದುಡಿದಿರಲ್ಲ ತಾಯಿ, ನಮಗೆ ಒಂದು ಮಾತು ಹೇಳಬಾರದಿತ್ತೇ, ಇನ್ನು ನೀವು ದಣಿಯುವುದು ಬೇಡ ಎಂದರಂತೆ. ಕಣ್ಣು ಸರಿಯಿದೆ ಎಂದು ತಾಯಿ ಎಷ್ಟು ಹೇಳಿದರೂ ಅವರು ಅದನ್ನು ಸ್ವಾಭಿಮಾನ ಎಂದುಕೊಂಡರು. ಜೊತೆಗೆ ಕೆಲಸ ಮಾಡಿದ, ಅಚ್ಚುಮೊಳೆಗಳನ್ನು ಜೋಡಿಸುತ್ತಿದ್ದ ಹಿರಿಯರೊಬ್ಬರು ಸಮಾಧಾನ ಹೇಳಲು ಬಂದು, ತಾಯಿಯ ಕೈ ಹಿಡಿದು ಕುರ್ಚಿಗೆ ಕೂರಿಸಿ ಹೋದರು. ತಾಯಿ ಅಂದಿನಿಂದ ಹೊರಗೆ ಹೋಗುವುದನ್ನು ಬಿಟ್ಟರು. ಬೀದಿ ದಾಟಿಸಲು ಜನ ಓಡಿ ಬರುತ್ತಾರೆ, ಹಾಳಾಗಿ ಹೋಗಲಿ ಎಂದರು. ಮಗಳ ಜೊತೆ ಊಟಕ್ಕೆ ಕೂರುವುದನ್ನೂ ಬಿಟ್ಟರು.

ಇಷ್ಟೆಲ್ಲ ಸಹಿಸಿದ್ದು ಓದುಗ ಬದುಕಲಿ ಎಂದು. ಚಿತ್ರದ ಬೆನ್ನಿಗೇ ಜನರ ಫೋನಿಗೆ ಬಂದಿದ್ದ ಅದೂ ಬದುಕಲಿಲ್ಲ. ಜನ ಹಗರಣ ಮರೆತರು, ಕಂಪನಿಗೆ ಒಂದು ಪ್ರಶಸ್ತಿಯೂ ಬಂತು. ಬಂದ ಮೇಲೆ ಓದುಗದಿಂದ ಆಗಬೇಕಾದ್ದು ಏನೂ ಉಳಿದಿರಲಿಲ್ಲ. ಒಂದು ಬೆಳಿಗ್ಗೆ ಮೂರು ಸಾಲಿನ ಪ್ರಕಟಣೆ ಹಾಕಿ ಅದನ್ನು ನಿಲ್ಲಿಸಿದರು. ತಂಡವನ್ನು ಒಡೆದರು. ಚಾಳೀಸು ಮತ್ತು ಇನ್ನು ಕೆಲವರನ್ನು ಮನೆಗೆ ಕಳಿಸಿದರು. ಚಿಕ್ಕವಳನ್ನು ಉಳಿಸಿಕೊಂಡರು. ಅವಳು ಈಗ ಪರಿಚಿತ ಮುಖ, ವೇದಿಕೆಗೆ ಬೇಕು.

ಓದುಗ ನಿಂತ ಮೇಲೆ ಜನರ ಸಿಟ್ಟು ಯಾರ ಮೇಲೆ ತಿರುಗಬೇಕು? ನಿಲ್ಲಿಸಿದವರ ಮುಖ ಯಾರೂ ಕಂಡಿರಲಿಲ್ಲ. ಕಂಡದ್ದು ಒಂದೇ ಮುಖ. ಬಸ್ ನಿಲ್ದಾಣದ ಚಿತ್ರದ ಮೇಲೆ ಯಾರೋ ಎಲೆಯಡಿಕೆ ಉಗಿದಿದ್ದರು. ಬಯ್ಗುಳದ ಸಂದೇಶಗಳು ಸುರಿದವು. ಅವುಗಳನ್ನು ಅವಳು ಓದಿ ಅರಗಿಸಿಕೊಂಡಳು. ಅರಗಿಸಿಕೊಳ್ಳಲಾಗದ್ದು ಒಂದು ಭಾನುವಾರ ಬಾಗಿಲಿಗೇ ಬಂತು.

ಪಾರ್ಸೆಲ್ ಆಫೀಸಿನ ಗುಮಾಸ್ತರೊಬ್ಬರು, ಐವತ್ತು ದಾಟಿದವರು, ವಿಳಾಸ ಹುಡುಕಿಕೊಂಡು ಬಂದಿದ್ದರು. ಅವರಿಗೆ ಕಣ್ಣು ಮಂಜಾಗಿ ಬಹಳ ದಿನವಾಗಿತ್ತು. ಕೆಲಸ ಹೋದೀತೆಂದು ಆಫೀಸಿನಲ್ಲಿ ಯಾರಿಗೂ ಹೇಳಿರಲಿಲ್ಲ. ಪಾರ್ಸೆಲ್ಲುಗಳ ಮೇಲಿನ ವಿಳಾಸವನ್ನು ಫೋನಿಗೆ ಹಿಡಿದು, ಕಿವಿಗೆ ಸಿಕ್ಕಿಸಿಕೊಂಡ ತಂತಿಯಲ್ಲಿ ಕೇಳಿಸಿಕೊಂಡು ವಿಂಗಡಿಸುತ್ತಿದ್ದರು. ಪಕ್ಕದವರು ಹಾಡು ಕೇಳುತ್ತಿದ್ದಾರೆ ಎಂದುಕೊಂಡಿದ್ದರಂತೆ. ಅವರು ಓದುಗ ನಿಂತ ಸುದ್ದಿಯನ್ನೇ ಕೇಳಿರಲಿಲ್ಲ. ಫೋನು ಕೆಟ್ಟಿದೆ, ಮಾಡಿದವರೇ ಇಲ್ಲಿದ್ದಾರಲ್ಲ, ತೋರಿಸೋಣ ಎಂದು ಬಂದಿದ್ದರು.

ನಾನು ಆಗ ಅಲ್ಲೇ ಇದ್ದೆ. ಚಿಕ್ಕವಳು ಫೋನನ್ನು ಕೈಯಲ್ಲಿ ಹಿಡಿದು, ಇದು ಕೆಟ್ಟಿಲ್ಲ, ಕಂಪನಿಯವರೇ ನಿಲ್ಲಿಸಿದ್ದಾರೆ ಎಂದು ಹೇಳುತ್ತಿದ್ದಳು. ಕಿಟಕಿಯ ಬಳಿ ತಾಯಿ ಕನ್ನಡಕವಿಲ್ಲದೆ ಪತ್ರಿಕೆ ಓದುತ್ತಿದ್ದರು. ಹಾಳೆ ಮಗುಚಿದ ಸದ್ದಿಗೆ ಗುಮಾಸ್ತರು ಅತ್ತ ತಿರುಗಿ, ಕಣ್ಣು ಕಿರಿದು ಮಾಡಿ ನೋಡಿದರು.

“ಅಮ್ಮಾ, ನೀವು ಪೇಪರ್ ಓದ್ತಿದ್ದೀರಾ?”

“ಹೌದು.”

ಅವರ ಮುಖ ಅರಳಿತು. ಹತ್ತಿರ ಹೋಗಿ ನೆಲದ ಮೇಲೆ ಮಂಡಿಯೂರಿ ಕೂತರು.

“ಗುಣ ಆಯ್ತಾ ಹಾಗಾದ್ರೆ? ಯಾವ ಡಾಕ್ಟರಮ್ಮಾ? ದೂರ ಆದ್ರೂ ಪರವಾಗಿಲ್ಲ, ಹೋಗ್ತೀನಿ. ನನಗೆ ಎಲ್ಲರೂ ಆಗೋದೇ ಇಲ್ಲ ಅಂದುಬಿಟ್ಟಿದ್ದಾರೆ.”

ತಾಯಿ ಮಗಳ ಕಡೆ ನೋಡಿದರು. ಆ ನೋಟ ನನ್ನ ಮೇಲೆ ಬೀಳಲಿಲ್ಲವಲ್ಲ ಎಂದು ನನಗೆ ಸಮಾಧಾನವಾಯಿತು. ಆಮೇಲೆ ಪತ್ರಿಕೆ ಮಡಚಿಟ್ಟು ಗುಮಾಸ್ತರಿಗೆ ನಿಧಾನವಾಗಿ ಹೇಳಿದರು, “ನನಗೆ ನಿಮ್ಮ ಕಾಯಿಲೆ ಇರ್ಲಿಲ್ಲಪ್ಪ. ಬರೀ ಪೊರೆ. ಸಿನಿಮಾದಲ್ಲಿ ತೋರಿಸಿದ್ದು ಸುಳ್ಳು.”

ಗುಮಾಸ್ತರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವರು ಬಯ್ಯಲಿಲ್ಲ. ಎದ್ದು, ಮಂಡಿಯ ಧೂಳು ಕೊಡವಿಕೊಂಡು, ಫೋನನ್ನು ಚಿಕ್ಕವಳ ಕೈಯಿಂದ ತೆಗೆದುಕೊಂಡರು. ಹಾಗಾದರೆ ಇದು ಇನ್ನು ಮಾತಾಡುವುದಿಲ್ಲವೇ ಎಂದು ಕೇಳಿದರು. ಇಲ್ಲ ಎಂದಳು. ತೊಂದರೆ ಕೊಟ್ಟೆ ಎಂದು ಹೇಳಿ, ಬಾಗಿಲ ಚೌಕಟ್ಟನ್ನು ತಡವಿಕೊಂಡು ಹೊರಟುಹೋದರು. ಚಿಕ್ಕವಳು ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡದ್ದು ನಮಗೆ ಹೊರಗೆ ಕೇಳಿಸಿತು. ತಾಯಿ ಎದ್ದು ಹೋಗಿ ಅವಳ ಬೆನ್ನು ಸವರಲಿಲ್ಲ.

ಕಂಪನಿಯ ವಾರ್ಷಿಕ ಸಮಾರಂಭ ಅದಾದ ಸ್ವಲ್ಪ ದಿನಕ್ಕೇ ಇತ್ತು. ಪತ್ರಿಕೆಯವರೂ ಬಂದಿದ್ದರು. ಚಿಕ್ಕವಳ ಬಾಯಿಗೆ ಹೊಸ ಮಾತು ಬರೆದು ಕೊಟ್ಟಿದ್ದರು. ಒಂದು ಕನಸು ಮುಗಿದರೆ ಇನ್ನೊಂದು ಶುರುವಾಗುತ್ತದೆ ಎಂಬ ಧಾಟಿಯದು. ಅವಳು ವೇದಿಕೆ ಹತ್ತಿ, ಕಲಿಸಿಕೊಟ್ಟ ಉಸಿರುಗಳನ್ನೆಲ್ಲ ಬಿಟ್ಟು, ಬಡಬಡನೆ ಹೇಳಿಬಿಟ್ಟಳು.

“ನಮ್ಮಮ್ಮನ ಕಣ್ಣು ಚೆನ್ನಾಗಿದೆ. ಆ ಚಿತ್ರ ಸುಳ್ಳು. ಸುಳ್ಳು ಅಂತ ಗೊತ್ತಿದ್ದೂ ನಾನು ಸುಮ್ಮನಿದ್ದೆ. ಓದುಗ ನನ್ನ ಯೋಚನೆ ಅಲ್ಲ.” ಅಲ್ಲಿ ಚಾಳೀಸಿನ ಪೂರ್ತಿ ಹೆಸರು ಹೇಳಿದಳು. “ಅವನಿಗೆ ಕಣ್ಣು ಹೋಗ್ತಾ ಇದೆ. ಅದಕ್ಕೇ ಇದನ್ನ ಕಟ್ಟಿದ. ಅವನನ್ನ ನೀವು ಹೊರಗೆ ಹಾಕಿದಿರಿ. ಜನ ಇದನ್ನ ನಂಬಿಕೊಂಡು ಕೆಲಸ ಮಾಡ್ತಿದ್ರು, ಅದನ್ನೂ ಕಿತ್ಕೊಂಡಿರಿ.”

ಮೈಕು ಆರಿಸುತ್ತಾರೆ, ಕಾವಲಿನವರು ಬಂದು ಇಳಿಸುತ್ತಾರೆ ಎಂದುಕೊಂಡಿದ್ದಳಂತೆ. ಅದೇನೂ ಆಗಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ಪ್ರಚಾರದ ಮುಖ್ಯಸ್ಥೆ ಎಲ್ಲರಿಗಿಂತ ಮೊದಲು ಎದ್ದು ನಿಂತು ಚಪ್ಪಾಳೆ ತಟ್ಟಿದಳು. ಅವಳನ್ನು ನೋಡಿ ಸಾಲುಸಾಲಾಗಿ ಎಲ್ಲರೂ ಎದ್ದರು. ಕಂಪನಿಯ ಹಿರಿಯರೊಬ್ಬರು ವೇದಿಕೆ ಹತ್ತಿ, ಚಿಕ್ಕವಳ ಭುಜ ಹಿಡಿದು, ಇಂಥ ಮಾತು ಆಡಲು ಬಿಡುವ ಸಂಸ್ಥೆ ನಮ್ಮದು ಎಂದು ಘೋಷಿಸಿದರು. ಅವರ ಅಂಗೈಯ ಬೆವರು ಬಟ್ಟೆಯೊಳಗಿಂದ ಭುಜಕ್ಕೆ ತಾಗಿದ್ದು ಇನ್ನೂ ನೆನಪಿದೆ ಎನ್ನುತ್ತಾಳೆ.

ಮರುದಿನವೇ ಆ ಭಾಷಣದ ತುಂಡು ಎಲ್ಲ ಕಡೆ ಓಡಾಡತೊಡಗಿತು. ಹಿನ್ನೆಲೆಗೆ ಮೆಲುಸಂಗೀತ. ‘ಸತ್ಯ ಹೇಳುವವರಿಗೆ ಇಲ್ಲಿ ಜಾಗವಿದೆ, ಬನ್ನಿ, ನಮ್ಮ ಜೊತೆ ಕೆಲಸ ಮಾಡಿ’ ಎಂದು ಕೆಳಗೆ ಬರಹ. ಹೊರಗೆ ಹಾಕಿದಿರಿ, ಕಿತ್ಕೊಂಡಿರಿ ಎಂಬ ಎರಡು ಮಾತುಗಳನ್ನು ಕತ್ತರಿಸಿದ್ದರು. ಉಳಿದದ್ದೆಲ್ಲ ಹಾಗೇ ಇತ್ತು. ಮೊದಲಿನ ಚಿತ್ರಕ್ಕಿಂತ ಇದನ್ನೇ ಹೆಚ್ಚು ಜನ ನೋಡಿದರು. ಸುಳ್ಳು ಹೇಳಿಸಿ ಲಾಭ ಮಾಡಿಕೊಂಡದ್ದಾಯಿತು, ನಿಜ ಹೇಳಿಸಿಯೂ ಮಾಡಿಕೊಂಡರು. ಇಂಥವರ ಮುಂದೆ ಮನುಷ್ಯ ಬಾಯಿ ತೆರೆಯುವುದಾದರೂ ಹೇಗೆ? ನಾನು ಅದನ್ನು ನೋಡಿದ್ದು ಕೂದಲು ಕತ್ತರಿಸಿಕೊಳ್ಳಲು ಹೋದ ಅಂಗಡಿಯಲ್ಲಿ. ಕತ್ತರಿ ಹಿಡಿದವನು ಕಣ್ಣೊರೆಸಿಕೊಂಡ.

ಚಿಕ್ಕವಳು ರಾಜೀನಾಮೆ ಕೊಟ್ಟು ಹೊರಬಂದಳು. ನೇರ ಚಾಳೀಸಿನ ಮನೆಗೆ ಹೋದಳು. ಅವನ ಹೆಸರು ಹೇಳಿದ್ದಕ್ಕೆ ಅವನಿಗೆ ಸಂತೋಷವಾಗಿರಬಹುದು ಎಂದುಕೊಂಡಿದ್ದಳು, ಪಾಪ. ಅವನು ಬಾಗಿಲು ತೆರೆದು ಅಲ್ಲೇ ನಿಂತ. ಒಳಗೆ ಬಾ ಎನ್ನಲಿಲ್ಲ.

“ನನಗೆ ಕಣ್ಣು ಹೋಗ್ತಿದೆ ಅಂತ ಊರಿಗೆ ಹೇಳು ಅಂತ ನಿನಗೆ ಯಾರು ಹೇಳಿದ್ರು?”

ಬೇರೊಂದು ಕಡೆ ಅವನಿಗೆ ಕೆಲಸ ಹೆಚ್ಚುಕಡಿಮೆ ಗಟ್ಟಿಯಾಗಿತ್ತಂತೆ. ಚಿಕ್ಕವಳ ಭಾಷಣ ನೋಡಿದ ಮೇಲೆ ಅವರು ಬಹಳ ಗೌರವದಿಂದ, ಬಹಳ ಮೆಚ್ಚುಗೆಯಿಂದ, ಸದ್ಯಕ್ಕೆ ಜಾಗವಿಲ್ಲ ಎಂದು ತಿಳಿಸಿದ್ದರು. ಅವಳು ಕ್ಷಮೆ ಕೇಳಿದಳು. ಅವನು, ನಿನ್ನ ಕ್ಷಮೆಯನ್ನು ವೇದಿಕೆ ಮೇಲೇ ಇಟ್ಟುಕೋ ಎಂದು ಬಾಗಿಲು ಹಾಕಿಕೊಂಡ.

ಆ ದಿನ ಅವಳು ಮನೆಗೆ ಬಂದು ನೆಲದ ಮೇಲೆ ಕೂತು ಅತ್ತಳು. ಅದಕ್ಕೆ ಕ್ಯಾಮೆರಾ ಇರಲಿಲ್ಲ. ಮೂಗು ಸುರಿಸಿಕೊಂಡು, ಬಿಕ್ಕಳಿಸಿಕೊಂಡು, ನೋಡಲಾಗದ ಹಾಗೆ ಅತ್ತಳು ಎಂದು ತಾಯಿಯೇ ಹೇಳಿದರು. ತಾಯಿ ಅಂದು ಅವಳ ಪಕ್ಕ ಕೂತು, ಮುಖ ತೊಳೆದುಕೊಂಡು ಬಾ, ಊಟ ಮಾಡೋಣ ಎಂದರಂತೆ. ಊಟ ಮುಗಿಸಿ, ನಾಳೆ ಅಚ್ಚುಕೂಟಕ್ಕೆ ಹೋಗಬೇಕು, ನೀನೂ ಬರಬೇಕು, ಕಣ್ಣಿಲ್ಲ ಎಂದು ಸಾರಿದವಳು ನೀನು, ಇದೆ ಎಂದು ಹೇಳಬೇಕಾದವಳೂ ನೀನೇ ಎಂದರು.

ಅಚ್ಚುಕೂಟದ ಯಜಮಾನರ ಮುಂದೆ ಮಗಳು ತಲೆ ತಗ್ಗಿಸಿ ಹೇಳಿದಳು. ಅವರು ಎರಡನೆಯ ಚಿತ್ರವನ್ನೂ ನೋಡಿದ್ದರು. ನೋಡಿಯೂ ಅವರ ಮನಸ್ಸಿನಲ್ಲಿ ಉಳಿದಿದ್ದುದು ಮೊದಲನೆಯದೇ. ತಾಯಿಯ ಕೆಲಸವನ್ನು ಆಗಲೇ ಇನ್ನೊಬ್ಬರಿಗೆ ಕೊಟ್ಟಾಗಿತ್ತು. ಬಹಳ ಯೋಚಿಸಿ, ಮಕ್ಕಳ ಪುಸ್ತಕಗಳ ಕರಡು ಕೊಡುತ್ತೇನೆ ಎಂದರು: ಪುಟಕ್ಕೆ ನಾಲ್ಕು ಸಾಲು, ಹೆಬ್ಬೆರಳು ಗಾತ್ರದ ಅಕ್ಷರ. ತಾಯಿ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದುಕೊಂಡು ಮನೆಗೆ ಬಂದರು. ಬಂದವರೇ ಕಿಟಕಿ ಬಳಿ ಕೂತು ಮೊದಲ ಪುಟದಲ್ಲೇ ಎರಡು ಕಡೆ ಕೆಂಪು ಗೀಟು ಎಳೆದರು. ಕತ್ತೆಗಳಿಗೆ ದಪ್ಪಕ್ಷರವೂ ಕಾಣೋದಿಲ್ಲ ಎಂದು ಬೈದುಕೊಳ್ಳುತ್ತಿದ್ದುದು ಮೇಲಿನ ತನಕ ಕೇಳಿಸಿತು.

ಚಿಕ್ಕವಳಿಗೆ ಈಗ ಆಸ್ಪತ್ರೆಗೆ ಮಂಚ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸ. ಮಂಚ ಏರಿಸುವ, ಇಳಿಸುವ ಗುಂಡಿಗಳನ್ನು ಬಿಡಿಸುತ್ತಾಳೆ. ನಿಮ್ಮನ್ನು ಎಲ್ಲೋ ನೋಡಿದ ಹಾಗಿದೆಯಲ್ಲ ಎಂದು ಯಾರಾದರೂ ಕೇಳಿದರೆ, ಇರಲಿಕ್ಕಿಲ್ಲ ಎಂದುಬಿಡುತ್ತಾಳೆ. ಬಸ್ ನಿಲ್ದಾಣದಲ್ಲಿ ಅವಳ ಜಾಗಕ್ಕೆ ಬೇರೆ ಮುಖ ಬಂದಿದೆ. ಅವಳು ಆ ನಿಲ್ದಾಣದಲ್ಲಿ ಬಸ್ಸು ಹತ್ತುವುದಿಲ್ಲ. ಒಂದು ನಿಲ್ದಾಣ ಹಿಂದಕ್ಕೆ ನಡೆದು ಹೋಗಿ ಹತ್ತುತ್ತಾಳೆ.

ಚಾಳೀಸು ಕೆಲವು ತಿಂಗಳ ನಂತರ ಅವನಾಗಿಯೇ ಫೋನು ಮಾಡಿದ. ಹೇಗಿದ್ದೀಯ ಎಂದು ಕೇಳಲಿಲ್ಲ. ತಂಡದಿಂದ ಹೊರಬಿದ್ದ ಇನ್ನಿಬ್ಬರನ್ನು ಸೇರಿಸಿಕೊಂಡು ಓದುಗದಂಥದ್ದನ್ನೇ ಹೊಸದಾಗಿ ಕಟ್ಟುತ್ತಿದ್ದೇನೆ, ಪರದೆ ಬಿಡಿಸುವವರು ಬೇಕು, ಯಾರ ಹೆಸರೂ ಎಲ್ಲಿಯೂ ಇರುವುದಿಲ್ಲ, ಆಗುತ್ತದೋ ಇಲ್ಲವೋ ಹೇಳು ಎಂದ. ಆಗುತ್ತದೆ ಎಂದಳು. ಈಗ ರಜಾ ದಿನಗಳಲ್ಲಿ ಅವನು ಕೋಲು ಹಿಡಿದು ಬರುತ್ತಾನೆ. ಕೆಲಸದ ಮಾತು ಬಿಟ್ಟು ಬೇರೆ ಮಾತಿಲ್ಲ. ಕ್ಷಮಿಸಿದ್ದಾನೋ ಇಲ್ಲವೋ ಅವಳು ಕೇಳಿಲ್ಲ, ಅವನು ಹೇಳಿಲ್ಲ. ಅವರು ಕಟ್ಟಿದ್ದು ಕಂಪನಿಯದರಷ್ಟು ಚುರುಕಾಗಿಲ್ಲ. ಅಚ್ಚಿನ ಅಕ್ಷರ ಓದುತ್ತದೆ, ಕೈಬರಹ ಬಂದರೆ ತೊದಲುತ್ತದೆ. ಪಾರ್ಸೆಲ್ ಆಫೀಸಿನ ಗುಮಾಸ್ತರು ವಿಂಗಡಿಸುತ್ತಿದ್ದ ವಿಳಾಸಗಳು ಬಹುಪಾಲು ಕೈಬರಹದವೇ. ಅವರನ್ನು ಅಷ್ಟರಲ್ಲಿ ಗೋದಾಮಿಗೆ ಹಾಕಿದ್ದರು, ಮೂಟೆ ಎಣಿಸಲು. ಚಿಕ್ಕವಳು ಹೋಗಿ ಅವರ ಫೋನಿಗೆ ಇದನ್ನು ಹಾಕಿಕೊಟ್ಟು ಬಂದಳು. ಇದನ್ನು ಎಷ್ಟು ದಿನಕ್ಕೆ ನಿಲ್ಲಿಸುತ್ತೀರಿ ಎಂದು ಅವರು ಕೇಳಿದರಂತೆ. ಗೊತ್ತಿಲ್ಲ ಎಂದು ಹೇಳಿದಳಂತೆ.

ಮೊನ್ನೆ ನಾನು ಕೆಳಗೆ ಹೋದಾಗ ಚಿಕ್ಕವಳಿಗೂ ಚಾಳೀಸಿಗೂ ಜಗಳ ನಡೆದಿತ್ತು. ಅಕ್ಷರ ಓದಲು ಆಗದಿದ್ದಾಗ ಫೋನು ಏನು ಹೇಳಬೇಕು ಎಂಬುದು ವಿಷಯ. ಕಂಪನಿಯ ಓದುಗ ಅಂಥ ಹೊತ್ತಿನಲ್ಲಿ, ‘ದಯವಿಟ್ಟು ಕೈ ಅಲುಗಿಸದೆ ಮತ್ತೊಮ್ಮೆ ಪ್ರಯತ್ನಿಸಿ’ ಎಂದು ನಯವಾಗಿ ಹೇಳುತ್ತಿತ್ತಂತೆ, ತಪ್ಪೆಲ್ಲ ಹಿಡಿದವನ ಕೈಯದೇ ಎಂಬಂತೆ. ಅದು ಬೇಡ ಎನ್ನುವುದರಲ್ಲಿ ಇಬ್ಬರೂ ಒಂದೇ. ‘ಅಕ್ಷರ ಸ್ಪಷ್ಟವಾಗಿಲ್ಲ’ ಎನ್ನಿಸೋಣ ಎಂದಳು ಚಿಕ್ಕವಳು. ಅಕ್ಷರ ಸ್ಪಷ್ಟವಾಗಿಯೇ ಇರಬಹುದು, ಅದನ್ನು ಯಾಕೆ ದೂರಬೇಕು ಎಂದ ಚಾಳೀಸು. ಕಿಟಕಿ ಬಳಿಯಿಂದ ತಾಯಿ ಪೆನ್ನು ಕೆಳಗಿಡದೆ, “‘ನನಗೆ ಓದೋಕೆ ಆಗ್ಲಿಲ್ಲ’ ಅನ್ನಿಸಿ, ಸಾಕು,” ಎಂದರು.

ಚಾಳೀಸು ಅದನ್ನು ಬಾಯಲ್ಲಿ ಎರಡು ಸಲ ಹೇಳಿಕೊಂಡು ನೋಡಿದ. ಆಮೇಲೆ ಕೀಲಿಮಣೆಯನ್ನು ತನ್ನ ಕಡೆಗೆ ಎಳೆದುಕೊಂಡ.